ಮೂರನೇ ಏಟು

ಯುಗಾದಿ ಕಳೆದು ಒಂಬತ್ತನೇ ದಿನ ಲಕ್ಷ್ಮೀದೇವಿಗೆ ಮೂರನೇ ಏಟು ಕೇಳಿಸಿತು.

ಹಗಲು ಹನ್ನೊಂದು ಗಂಟೆ. ಜಾಲಿಪಾಳ್ಯದ ಗಂಗಾಧರಯ್ಯನ ಶೆಡ್ಡಿನಲ್ಲಿ ಇಪ್ಪತ್ತು ಹೆಂಗಸರು ಹುಣಸೆಹಣ್ಣು ಬಡಿಯುತ್ತಿದ್ದರು. ಒಂದು ಚಪ್ಪಡಿ ಕಲ್ಲಿಗೆ ಇಬ್ಬರು, ಎದುರುಬದುರು. ಒಬ್ಬಳ ಮರದ ಕೊಡತಿ ಮೇಲಕ್ಕೆ ಹೋದಾಗ ಇನ್ನೊಬ್ಬಳದು ಕೆಳಗೆ ಬೀಳಬೇಕು. ಆ ಸಂದಿನಲ್ಲೇ ಬೆರಳು ತೂರಿಸಿ ಬೀಜ ತೆಗೆಯಬೇಕು, ನಾರು ಎಳೆಯಬೇಕು. ಲಯ ತಪ್ಪಿದರೆ ಬೆರಳು ಜಜ್ಜಿಹೋಗುತ್ತದೆ. ತಪ್ಪದಿದ್ದರೂ ಹುಳಿ ಬಿಡುವುದಿಲ್ಲ. ಉಗುರಿನ ಸಂದಿ, ಅಂಗೈ ಬಿರುಕು, ಎಲ್ಲ ಕಡೆ ಇಳಿದು ಸುಡುತ್ತದೆ. ಸಂಜೆ ಬಿಸಿ ಮುದ್ದೆ ಮುರಿಯುವಾಗ ಈ ಹೆಂಗಸರ ಕಣ್ಣಲ್ಲಿ ನೀರು ಬರುತ್ತದೆ. ಪಟ್ಟಣದವರ ಸಾರಿಗೆ ರುಚಿ ಬರುವುದು ಹೀಗೆ.

ಲಕ್ಷ್ಮೀದೇವಿಯ ಎದುರಿಗೆ ಕೂತಿದ್ದವಳು ಅವಳ ತಾಯಿ ರಾಜಲಕ್ಷ್ಮಮ್ಮ. ತಾಯಿಯದೊಂದು ಏಟು, ಮಗಳದೊಂದು ಏಟು. ತಾಯಿಯದು, ಮಗಳದು. ನಡುವೆ ಇನ್ನೊಂದು ಬಿತ್ತು.

ಕಲ್ಲಿನ ಬಲಗಡೆಯಿಂದ. ಅಲ್ಲಿ ಯಾರೂ ಕೂತಿರಲಿಲ್ಲ.

ಲಕ್ಷ್ಮೀದೇವಿ ಕೊಡತಿಯನ್ನು ಎತ್ತಿದಲ್ಲೇ ಹಿಡಿದಳು. ರಾಜಲಕ್ಷ್ಮಮ್ಮ ಮಗಳ ಮುಖ ನೋಡಿದಳು. ಅವಳ ಕೈಯೂ ನಿಂತಿತು.

"ಬಂತಾ?" ಎಂದಳು ತಾಯಿ, ಪಕ್ಕದವರಿಗೆ ಕೇಳದ ಹಾಗೆ.

"ಊಂ."

"ಎಷ್ಟು ಸಲ?"

"ಒಂದೇ ಕಣವ್ವ. ನೀನು ಬಡಿ. ಎಲ್ರೂ ನೋಡ್ತಾವ್ರೆ."

ತಾಯಿ ಬಡಿದಳು. ಏಟು ಕಲ್ಲಿನ ಮೇಲೆ ಬೀಳಲಿಲ್ಲ, ಅವಳ ಹೆಬ್ಬೆರಳಿನ ಮೇಲೆ ಬಿತ್ತು.

ಆ ಬಲಗಡೆಯ ಜಾಗ ಜಯಕುಮಾರನದು. ಲಕ್ಷ್ಮೀದೇವಿಗೆ ಮೂರು ವರ್ಷಕ್ಕೆ ದೊಡ್ಡವನು, ಒಬ್ಬನೇ ಅಣ್ಣ. ಹಿಂದೆ ಹಣ್ಣನ್ನು ಮನೆಗೆ ಹೊತ್ತು ತಂದು ಬಡಿಯುತ್ತಿದ್ದ ಕಾಲದಲ್ಲಿ ಈ ಮೂವರೂ ಒಂದೇ ಕಲ್ಲಿಗೆ ಕೂರುತ್ತಿದ್ದರು. ತಾಯಿ, ಅಣ್ಣ, ತಂಗಿ. ಮೂರು ಕೊಡತಿ, ಒಂದಕ್ಕೊಂದು ತಾಗದಂತೆ. ಜಾಲಿಪಾಳ್ಯದಲ್ಲಿ ಬೇರೆ ಯಾರಿಗೂ ಹಾಗೆ ಬಡಿಯಲು ಬರುತ್ತಿರಲಿಲ್ಲ. ಜನ ನಿಂತು ನೋಡುತ್ತಿದ್ದರು.

ಅವನಿಗೆ ಇಪ್ಪತ್ತಾರು ತುಂಬಿದಾಗ ತಲೆ ಕೆಟ್ಟಿತು. ಕರೆಂಟು ತಂತಿ ತನ್ನ ಹೆಸರು ಹಿಡಿದು ಕೂಗುತ್ತದೆ ಎಂದ. ಅನ್ನ ಬಿಟ್ಟ. ಒಂದು ದಿನ ಊರ ಟ್ಯಾಂಕಿನ ಮೇಲೆ ಹತ್ತಿ ಕೂತ. ನಾಲ್ಕು ಜನ ಗಂಡಸರು ಇಳಿಸಿ, ಬಾವಿಯ ಹಗ್ಗ ತಂದು ಕೈಕಾಲು ಕಟ್ಟಿ, ಲಗೇಜ್ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಆಟೋದ ಹಿಂದೆ ಶಾಲೆ ಮಕ್ಕಳು ಓಡಿದರು. ಅವನು ಕಣ್ಣು ಬಿಟ್ಟುಕೊಂಡೇ ಇದ್ದ. ಎಲ್ಲರನ್ನೂ ನೋಡಿದ.

ಇಪ್ಪತ್ತು ದಿನಕ್ಕೆ ಸರಿಹೋಗಿ ಬಂದ. ಮಣಿಕಟ್ಟಿನಲ್ಲಿ ಹಗ್ಗದ ಗುರುತು ಇತ್ತು. ಕಲ್ಲುಗುಟ್ಟೆ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಾತ್ರೆ ಕೊಟ್ಟರು. ಆಮೇಲೆ, "ಸಾಕು, ಜಾಸ್ತಿ ಆದ್ರೆ ಕರ್ಕೊಂಡು ಬನ್ನಿ" ಎಂದರು.

ಎಂಟು ತಿಂಗಳಿಗೆ ಅವನೇ ತಂಗಿಗೆ ಹೇಳಿದ. "ಲಕ್ಸ್ಮಿ, ಮತ್ತೆ ಸುರುವಾಗ್ತೈತೆ ಕಣೆ. ಇನ್ನೊಂದ್ ಸಲ ನಾನು ಕಟ್ಟುಸ್ಕಳಲ್ಲ."

ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಒಬ್ಬನೇ ಕಲ್ಲುಗುಟ್ಟೆಗೆ ನಡೆದು ಹೋದ. ಮಧ್ಯಾಹ್ನ ವಾಪಸ್ಸು ಬಂದ. ಏನಂದರು ಎಂದು ತಾಯಿ ಕೇಳಿದಳು. "ಚೆನ್ನಾಗಿದೀನಂತೆ" ಎಂದ. ಕಲ್ಲಿನ ಬಲಗಡೆ ಕೂತು ಒಂದು ಗಂಟೆ ಬಡಿದ. ಗೋಡೆಯ ಗೂಟಕ್ಕೆ ನೇತುಹಾಕಿದ್ದ, ತನ್ನನ್ನು ಕಟ್ಟಿದ್ದ ಹಗ್ಗ ನೋಡಿದ. ಕೊಡತಿ ಕೆಳಗಿಟ್ಟು, "ನೀರು ಕುಡ್ದು ಬತ್ತೀನಿ" ಎಂದು ಎದ್ದ.

ಆರು ವರ್ಷವಾಯಿತು. ಅವನು ಇನ್ನೂ ನೀರು ಕುಡಿದು ಬಂದಿಲ್ಲ.

ಯಾರೋ ಪಾವಗಡ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆವು ಎಂದರು. ರಾಜಲಕ್ಷ್ಮಮ್ಮ ಫೋಟೋ ಹಿಡಿದು ಹೋದಳು. "ಇಕ್ಕಡ ಲೇಡಮ್ಮಾ" ಎಂದು ತೆಲುಗಿನಲ್ಲಿ ಇಲ್ಲವೆಂದು ಹೇಳಿ ಅಂಗಡಿಯವರು ಫೋಟೋ ವಾಪಸ್ಸು ಕೊಟ್ಟರು. ಕ್ಯಾತಗಾನಚೆರ್ಲು ಕಡೆ ಸೋಲಾರ್ ಪ್ಯಾನೆಲ್ಲುಗಳ ಸಾಲಿನಲ್ಲಿ ಒಬ್ಬ ನಿಂತಿರುತ್ತಾನೆ ಎಂದರು. ಅಲ್ಲಿಗೂ ಹೋದಳು. ಶಿರಾದಲ್ಲಿ ದರ್ಗಾದ ಮುಂದೆ ಮೂರು ಶುಕ್ರವಾರ ಕೂತಳು. ಹೆತ್ತವಳಿಗೆ ಹೆಗ್ಗಣ ಮುದ್ದು ಎಂದು ನಗುವ ಜನ ಊರಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ಬಾಯಿಗೆ ಹುಣಸೆ ಬೀಜ ಬೀಳಲಿ.

ಅವನು ಹೋದ ಎರಡು ವರ್ಷಕ್ಕೆ ಲಕ್ಷ್ಮೀದೇವಿಗೆ ಮೊದಲ ಸಲ ಮೂರನೇ ಏಟು ಕೇಳಿಸಿತು. ಮೊದಲು ದಿನಕ್ಕೊಂದು. ಆಮೇಲೆ ಎಡೆಬಿಡದೆ. ಹದಿನೈದನೇ ದಿನ ಏಟಿನ ಹಿಂದೆ ಅಣ್ಣನ ಮಾತು ಬಂತು. "ಬಾರೆ, ನೀರು ಕುಡ್ದು ಬರಾನ." ತಾಯಿ ತಡಮಾಡಲಿಲ್ಲ, ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಆಗ ತಿಂಗಳಿಗೊಂದು ಗುರುವಾರ ತುಮಕೂರಿನಿಂದ ಒಬ್ಬ ಡಾಕ್ಟರಮ್ಮ ಬರುತ್ತಿದ್ದರು. ಅವರು ಲಕ್ಷ್ಮೀದೇವಿಯ ಕೈ ಹಿಡಿದು ಕೂರಿಸಿ ಎಲ್ಲ ಕೇಳಿದರು. ರಾತ್ರಿಗೊಂದು ಬಿಳಿ ಮಾತ್ರೆ ಬರೆದರು. "ಚೆನ್ನಾಗಾದೆ ಅಂತ ನಿಲ್ಲಿಸ್ಬೇಡ. ಮಾತ್ರೆ ಇರೋದಕ್ಕೇ ನೀನು ಚೆನ್ನಾಗಿರ್ತೀಯ" ಎಂದರು.

ಆ ಮಾತನ್ನು ತಾಯಿ ಮಗಳು ನಾಲ್ಕು ವರ್ಷ ದೇವರ ಮಾತಿನಂತೆ ನಡೆಸಿದರು. ಏಟು ಎರಡೇ ಉಳಿಯಿತು. ಲಕ್ಷ್ಮೀದೇವಿ ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಹಣ್ಣು ಬಡಿದಳು. ಡಾಕ್ಟರಮ್ಮ ವರ್ಗವಾಗಿ ಹೋದರು. ಆಮೇಲೆ ಆರು ತಿಂಗಳಿಗೊಬ್ಬರು ಬಂದರು, ಹೋದರು. ಹೋದ ಸಂಕ್ರಾಂತಿ ಹೊತ್ತಿಗೆ ಪ್ರಸನ್ನಕುಮಾರ್ ಎನ್ನುವ ಹೊಸ ಡಾಕ್ಟರು ಬಂದರು.

ತಪ್ಪಾದದ್ದು ಆಗ. ಆ ತಪ್ಪನ್ನು ಈ ಕಡೆಯ ಯಾವ ತಾಯಿಯಾದರೂ ಮಾಡುತ್ತಿದ್ದಳು. ಹೊಸ ಡಾಕ್ಟರ ಮುಂದೆ ಮಗಳು ಹೇಗೆಂದರೆ ಹಾಗೆ ಹೋಗಬಾರದು ಎಂದು ರಾಜಲಕ್ಷ್ಮಮ್ಮ ಬೆಳಗಾಗೆದ್ದು ಎಣ್ಣೆ ಹಚ್ಚಿ ತಲೆ ಬಾಚಿದಳು. ಬಿಗಿಯಾಗಿ ಜಡೆ ಹಾಕಿದಳು. ಕಾಕಡ, ಕನಕಾಂಬರ ಸೇರಿಸಿ ಮುಡಿಸಿದಳು. ಟ್ರಂಕಿನಲ್ಲಿದ್ದ ಹಸಿರು ಸೀರೆ ಉಡಿಸಿದಳು. ದೇವಸ್ಥಾನಕ್ಕೆ, ಮದುವೆಗೆ, ಆಸ್ಪತ್ರೆಗೆ ಹೋಗುವಾಗ ಒಳ್ಳೇ ಬಟ್ಟೆ ಉಡಬೇಕು ಎಂದು ಅವಳ ತಾಯಿ ಅವಳಿಗೆ ಕಲಿಸಿದ್ದಳು.

ಡಾಕ್ಟರು ತಲೆಯೆತ್ತಿ ನೋಡಿದರು. ಹೂವು ನೋಡಿದರು, ಸೀರೆ ನೋಡಿದರು. "ನಿದ್ದೆ ಬರುತ್ತಾ? ಊಟ ಸೇರುತ್ತಾ? ಕೆಲಸಕ್ಕೆ ಹೋಗ್ತೀರಾ?" ಎಲ್ಲಕ್ಕೂ ಲಕ್ಷ್ಮೀದೇವಿ ಹೌದು ಎಂದಳು.

"ಚೆನ್ನಾಗಿದ್ದೀರಲ್ಲ. ಇನ್ನು ಮಾತ್ರೆ ಬೇಡ. ಜಾಸ್ತಿ ಆದ್ರೆ ಬನ್ನಿ."

ಕಾರ್ಡಿನ ಮೇಲೆ ಅಡ್ಡಗೆರೆ ಎಳೆದರು. ರಾಜಲಕ್ಷ್ಮಮ್ಮನಿಗೆ ಹಿಗ್ಗೋ ಹಿಗ್ಗು. ಹಳೆಯ ಡಾಕ್ಟರಮ್ಮನ ಮಾತು ನೆನಪಾಗದೆ ಇರಲಿಲ್ಲ, ಆದರೆ ಮಗಳು ಗುಣವಾದಳು ಎಂದು ಓದಿದವರೇ ಹೇಳಿದ ಮೇಲೆ ನಂಬದೆ ಇರಲು ಯಾವ ತಾಯಿಯಿಂದಾಗುತ್ತದೆ? ಮಧುಗಿರಿಗೆ ಹೋಗಿ ದಂಡಿನ ಮಾರಮ್ಮನಿಗೆ ಕಾಯಿ ಒಡೆಸಿಕೊಂಡು ಬಂದಳು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಾವು ದಡ್ಡರನ್ನು ಆಡಿಕೊಳ್ಳುತ್ತೇವೆ. ಈ ಆಸ್ಪತ್ರೆಯವರು ದಡ್ಡರಲ್ಲ. ಬಾವಿ ತೋಡಿಯೇ ಇಟ್ಟಿದ್ದಾರೆ, ಬೀಗವನ್ನೂ ಹಾಕಿದ್ದಾರೆ. ಮೊದಲು ಮನೆ ಉರಿಯಲಿ, ಆಮೇಲೆ ಬಾ ಎನ್ನುತ್ತಾರೆ.

ಈಗ ಏಟು ಮತ್ತೆ ಬಂತು. ಡಾಕ್ಟರ ಗುರುವಾರಕ್ಕೆ ಇನ್ನೂ ಐದು ದಿನವಿತ್ತು.

ಕಲ್ಲುಗುಟ್ಟೆಯ ಔಷಧಿ ಅಂಗಡಿಯವನು ಹಳೇ ಚೀಟಿಗೆ ಈ ಮಾತ್ರೆ ಕೊಡಂಗಿಲ್ಲ ಎಂದ. ಎರಡನೇ ದಿನ ಏಟು ಹತ್ತು ಸಲ ಬಿತ್ತು. ಮೂರನೇ ದಿನ ಲೆಕ್ಕ ತಪ್ಪಿತು. ಲಕ್ಷ್ಮೀದೇವಿ ಬಲಗಡೆ ತಿರುಗಬಾರದು ಎಂದು ಕತ್ತು ಬಿಗಿಹಿಡಿದು ಬಡಿದಳು. ಎದುರು ಸಾಲಿನ ಹೆಂಗಸರು ತಮ್ಮ ಕಲ್ಲನ್ನು ಎಳೆದುಕೊಂಡು ದೂರ ಹೋದರು. ಯಾರೋ ಹೇಳಿರಬೇಕು, ಗಂಗಾಧರಯ್ಯ ಬಂದು ಮುಂದೆ ನಿಂತ.

"ರಾಜಮ್ಮ, ಔಳ್ ಕೈಗೆ ಕೊಡತಿ ಕೊಡಬ್ಯಾಡ. ನಾಳೆ ಯಾರ್ದಾರ ತಲೆಗಿಲೆ ಒಡುದ್ರೆ ಉತ್ರ ಹೇಳೋರು ಯಾರು? ಅಣ್ಣುಂದು ನೋಡಿಲ್ವಾ ನಾವು?"

ಹದಿನಾಲ್ಕು ವರ್ಷದಿಂದ ಆ ಕೊಡತಿ ಅವಳ ಕೈಯಲ್ಲಿತ್ತು. ಅವಳು ಯಾರಿಗೂ ಒಂದು ಏಟು ಹೊಡೆದವಳಲ್ಲ. ಗಂಗಾಧರಯ್ಯ ಬಗ್ಗಿ ಅದನ್ನು ಕಿತ್ತುಕೊಂಡ. ಪೊರಕೆ ಕೊಟ್ಟು ಹೊಟ್ಟು ಗುಡಿಸಲು ಹಚ್ಚಿದ. ಅವಳು ಗುಡಿಸಿದಳು. ಕೊಡತಿ ಕೈಯಲ್ಲಿಲ್ಲದಿದ್ದರೂ ಮೂರನೇ ಏಟು ಬೀಳುತ್ತಲೇ ಇತ್ತು.

ಗುರುವಾರ ಒಂಬತ್ತಕ್ಕೇ ಇಬ್ಬರೂ ಆಸ್ಪತ್ರೆಯ ಬೆಂಚಿನಲ್ಲಿದ್ದರು. ರಾಜಲಕ್ಷ್ಮಮ್ಮ ಅಂದೂ ಬಾಚಿ ಹೂ ಮುಡಿಸಿದ್ದಳು. ಅಭ್ಯಾಸದ ಕೈ. ಐ.ಡಿ.ಹಳ್ಳಿ ಕಡೆಯಿಂದ, ದೊಡ್ಡೇರಿ ಕಡೆಯಿಂದ ಬಂದ ಜನ ಗೋಡೆಯುದ್ದಕ್ಕೂ ಕೂತಿದ್ದರು. ಒಬ್ಬ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಅವನನ್ನು ಮೊದಲು ಒಳಗೆ ಬಿಟ್ಟರು.

ಹನ್ನೆರಡೂವರೆಗೆ ನರ್ಸ್ ಪುಷ್ಪಾವತಿ ಇವರ ಮುಂದೆ ಕಾಗದ ಹಿಡಿದು ಕೂತರು.

"ಹೊಡೀತಾಳಾ?"

"ಇಲ್ಲ ಸಿಸ್ಟ್ರಮ್ಮ."

"ಬಟ್ಟೆ ಹರ್ಕೋತಾಳಾ? ಮನೆ ಬಿಟ್ಟು ಓಡ್ತಾಳಾ?"

"ಇಲ್ಲ. ಏಟು ಕೇಳುಸ್ತೈತೆ. ಇದು ಸುರು. ಇನ್ನ ಒಂದ್ ವಾರ ಬುಟ್ರೆ ಕೈ ಮೀರೋಗ್ತೈತೆ. ನಮಗೆ ಗೊತ್ತೈತೆ."

ಪುಷ್ಪಾವತಿ ಪೆನ್ನು ಕೆಳಗಿಟ್ಟರು. ಕೆಟ್ಟ ಹೆಂಗಸಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು. "ನೋಡಮ್ಮ, ಇವಳು ಹಿಂಗೆ ಹೂ ಮುಡ್ಕೊಂಡು ಒಳಗೆ ಹೋದ್ರೆ ವಾಪಸ್ ಕಳಿಸ್ತಾರೆ. ಮಾತ್ರೆ ಸ್ಟಾಕಿಲ್ಲ. ಗಲಾಟೆ ಮಾಡೋರಿಗೇ ಸಾಲ್ತಾ ಇಲ್ಲ. ಹಿಂದ್ಗಡೆ ನಲ್ಲಿ ಹತ್ರ ಕರ್ಕೊಂಡೋಗಿ ಸ್ವಲ್ಪ ತಲೆ ಕೆದರಿಸ್ಕೊಂಡು ಬಾ. ಡಾಕ್ಟ್ರ ಮುಂದೆ ಎರಡು ಸಲ ಕಿರಿಚ್ಲಿ. ನಾನು ಹೇಳ್ದೆ ಅನ್ಬೇಡ."

ರಾಜಲಕ್ಷ್ಮಮ್ಮ ಮಗಳ ರಟ್ಟೆ ಹಿಡಿದು ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ಹೂವು ಕಿತ್ತಳು. ಬೆಳಗ್ಗೆ ತಾನೇ ಹಾಕಿದ ಜಡೆಯನ್ನು ಬಿಚ್ಚಿದಳು. ನಲ್ಲಿಯ ಕೆಳಗಿನ ಕೆಸರು ತೆಗೆದು ಮಗಳ ಸೆರಗಿಗೆ ಒರೆಸಿದಳು. "ಒಂದೀಟು ಕಿರುಚುಬುಡು ಕಣವ್ವ. ಒಂದೀಟು. ನಾನೂ ಅಳ್ತೀನಿ" ಎಂದಳು.

ಲಕ್ಷ್ಮೀದೇವಿ ಮರದ ಹಾಗೆ ನಿಂತಿದ್ದಳು. ಏಟು ಬಿತ್ತು. ಮತ್ತೆ ಬಿತ್ತು. ಕೆಸರು ತಣ್ಣಗಿತ್ತು. ಒರೆಸಿಕೊಳ್ಳಲು ಟವೆಲ್ಲು ಇರಬಹುದೆಂದು ತಾಯಿಯ ಪ್ಲಾಸ್ಟಿಕ್ ಬ್ಯಾಗಿಗೆ ಕೈ ಹಾಕಿದಳು. ಬೆರಳಿಗೆ ಸಿಕ್ಕಿದ್ದು ಹಗ್ಗ.

ಎಳೆದು ನೋಡಿದಳು. ಗೂಟದ ಹಗ್ಗ. ಒಂದು ತುದಿಯಲ್ಲಿ ಅಣ್ಣ ಹಲ್ಲಿನಿಂದ ಕಚ್ಚಿದ್ದ ಜಾಗ ಇನ್ನೂ ಎಳೆ ಬಿಟ್ಟುಕೊಂಡಿತ್ತು.

"ಇದ್ಯಾಕವ್ವ ತಂದೆ?"

ರಾಜಲಕ್ಷ್ಮಮ್ಮ ಅಲ್ಲೇ ಕುಸಿದು ಕೂತಳು. "ದಾರೀಲಿ ಜಾಸ್ತಿ ಆದ್ರೆ ಏನ್ ಮಾಡ್ಲಿ? ನೀನೂ ನೀರು ಕುಡ್ದು ಬತ್ತೀನಿ ಅಂತ ಎದ್ದೋದ್ರೆ ಏನ್ ಮಾಡ್ಲಿ? ನನ್ ಕೈಲಿ ಇನ್ನ ಉಡುಕಕ್ಕೆ ಆಗಲ್ಲ ಕಣೆ."

ಲಕ್ಷ್ಮೀದೇವಿಗೆ ಸಿಟ್ಟು ಬಂತು. ತಾಯಿಯ ಮೇಲಲ್ಲ. ಮೈಯೆಲ್ಲ ಬಿಸಿಯಾಗುವಂಥ ಸಿಟ್ಟು. ನಲ್ಲಿ ತಿರುಗಿಸಿ ಸೆರಗು ತೊಳೆದಳು. ಕೂದಲನ್ನು ಬೆರಳಲ್ಲೇ ಬಾಚಿದಳು, ಮೂರು ಎಳೆ ಮಾಡಿ ಬಿಗಿಯಾಗಿ ಹೆಣೆದಳು. ನೆಲದ ಮೇಲೆ ಬಿದ್ದಿದ್ದ ಹೂವನ್ನು ಕೊಡವಿ ಮುಡಿದುಕೊಂಡಳು. ಹಗ್ಗ ಎತ್ತಿಕೊಂಡಳು.

"ನಾನ್ ಕಿರುಚಲ್ಲ. ಬಾ" ಎಂದಳು.

ಡಾಕ್ಟರು ಪ್ರಸನ್ನಕುಮಾರ್ ಬರೆಯುತ್ತಲೇ ಇದ್ದರು. ತಲೆಯೆತ್ತಿ ನೋಡಿದರು. ಹೂವು ನೋಡಿದರು.

"ಚೆನ್ನಾಗಿದ್ದೀರಲ್ಲಮ್ಮ?"

"ಊಂ ಸಾರ್. ಚೆನ್ನಾಗಿದೀನಿ. ಅದುಕ್ಕೇ ಬಂದಿವ್ನಿ."

"ಜಾಸ್ತಿ ಆದಾಗ ಬನ್ನಿ ಅಂದಿದ್ದೆ."

ಅವಳು ಹಗ್ಗವನ್ನು ಅವರ ಮೇಜಿನ ಮೇಲೆ, ಕಾರ್ಡುಗಳ ಮೇಲೆ ಇಟ್ಟಳು.

"ಜಾಸ್ತಿ ಆದಾಗ ಬರೋದು ನಾನಲ್ಲ ಸಾರ್. ಇದು ಬತ್ತೈತೆ. ನಮ್ಮಣ್ಣುನ್ನ ಇದ್ರಲ್ಲೇ ಕಟ್ಟಿ ತಂದ್ರು. ನಮ್ಮವ್ವ ಇವತ್ತು ನಂಗೂ ತಂದವ್ಳೆ. ಬುದ್ಧಿ ನೆಟ್ಟಗಿರೋವಾಗ ಕಾಲಲ್ಲಿ ನಡ್ಕಂಡ್ ಬಂದು ಕೇಳ್ತಾ ಇವ್ನಿ. ಹುಚ್ಚಿ ಥರ ಆಡು, ಆಗ ಕೊಡ್ತೀವಿ ಅಂದ್ರೆ ನಾನ್ ಆಡಲ್ಲ."

ಬಾಗಿಲಲ್ಲಿ ಪುಷ್ಪಾವತಿ ತಲೆ ತಗ್ಗಿಸಿದರು. ಡಾಕ್ಟರು ಹಗ್ಗವನ್ನು ಮುಟ್ಟಲಿಲ್ಲ. ಹೊರಗೆ ಐವತ್ತು ಜನ ಕೂತಿದ್ದರು.

"ಇರೋದೇ ಇಷ್ಟು" ಎಂದು ಡ್ರಾಯರಿನಿಂದ ತೆಗೆದುಕೊಟ್ಟರು. ಹದಿನೈದು ಮಾತ್ರೆ. "ಮುಂದಿನದು ತಿಂಗಳು ಬಿಟ್ಟು ನಾನು ಬಂದಾಗ ನೋಡೋಣ."

"ನಡುವಿನ ಹದ್ನೈದು ದಿನ?"

ಡಾಕ್ಟರು ಮುಂದಿನ ಕಾರ್ಡು ಎತ್ತಿಕೊಂಡರು. "ಈ ಹಗ್ಗ ತಗೊಂಡು ಹೋಗಿ."

"ಇಲ್ಲೇ ಇರ್ಲಿ. ನಮ್ಮನೇಗೆ ಬ್ಯಾಡ" ಎಂದು ಲಕ್ಷ್ಮೀದೇವಿ ಹೊರಗೆ ಬಂದಳು.

ಹದಿನೈದು ದಿನ ಮಾತ್ರೆ ತನ್ನ ಕೆಲಸ ಮಾಡಿತು. ಏಟು ದೂರ ಸರಿಯಿತು, ಪಕ್ಕದ ಊರಲ್ಲಿ ಬಡಿದ ಹಾಗೆ. ನಿಲ್ಲಲಿಲ್ಲ. ಗಂಗಾಧರಯ್ಯ ಕೊಡತಿ ವಾಪಸ್ಸು ಕೊಡಲಿಲ್ಲ. ಅವಳು ಹೊಟ್ಟು ಗುಡಿಸಿದಳು, ಚೀಲ ಹೊತ್ತಳು. ಹೊಟ್ಟಿನ ಧೂಳು ಮೂಗಿಗೆ ಅಡರಿ ಕೆಮ್ಮು ಹತ್ತಿತು. ಕೊನೆಯ ಮಾತ್ರೆ ನುಂಗಿದ ಮರುದಿನ ಬೆಳಗ್ಗೆ ಅವಳೇ ಎಣ್ಣೆ ಹಚ್ಚಿ ಬಾಚಿಕೊಂಡಳು. ಹಸಿರು ಸೀರೆ ಉಟ್ಟಳು. ತಾಯಿಯನ್ನು ಕರೆಯಲಿಲ್ಲ.

ಕಲ್ಲುಗುಟ್ಟೆಗೆ ಏಳು ಕಿಲೋಮೀಟರು. ಬಸ್ಸಿಗೆ ಕಾಯದೆ ನಡೆದಳು. ಆರು ವರ್ಷದ ಹಿಂದೆ ಅಣ್ಣ ನಡೆದದ್ದೂ ಇದೇ ದಾರಿ. ಎರಡು ಹೆಜ್ಜೆಗೊಂದು ಏಟು ಬಲಗಡೆಯಿಂದ ಬೀಳುತ್ತಿತ್ತು. ಅವಳಿಗೆ ಹೆದರಿಕೆಯಿತ್ತು. "ಬಾ, ನೀನೂ ಬಾ" ಎಂದು ಆ ಕಡೆಗೆ ಹೇಳಿ ನಡೆದಳು.

ಡಾಕ್ಟರ ಕೋಣೆಗೆ ಬೀಗ ಹಾಕಿತ್ತು. ಪಕ್ಕದ ಕೋಣೆಯಲ್ಲಿ ಪುಷ್ಪಾವತಿ ಒಬ್ಬರೇ ಇದ್ದರು.

"ಇವತ್ತು ಡಾಕ್ಟ್ರಿಲ್ವಲ್ಲಮ್ಮ. ಚೆನ್ನಾಗೇ ಇದೀಯಲ್ಲ, ಯಾಕೆ ಬಂದೆ?"

ಲಕ್ಷ್ಮೀದೇವಿಯ ಕಣ್ಣು ಬೀರುವಿನ ಪಕ್ಕದ ನೆಲದ ಮೇಲೆ ನಿಂತಿತ್ತು. ಹಳೆಯ ಕಾರ್ಡುಗಳ ಮೊಣಕಾಲೆತ್ತರದ ಕಟ್ಟು. ಕಟ್ಟಿದ್ದು ಅವಳು ಬಿಟ್ಟುಹೋದ ಹಗ್ಗದಲ್ಲಿ.

"ಕಟ್ಟೋಕೆ ಬೇರೆ ಏನೂ ಸಿಗ್ಲಿಲ್ಲ" ಎಂದರು ಪುಷ್ಪಾವತಿ. "ಅಡ್ಡಗೆರೆ ಹಾಕಿರೋ ಕಾರ್ಡು ಅವೆಲ್ಲ. ಚೆನ್ನಾಗಾದೋರದ್ದು."

ಲಕ್ಷ್ಮೀದೇವಿ ಕೂತು ಗಂಟು ಬಿಚ್ಚತೊಡಗಿದಳು. ಹುಳಿ ತಿಂದ ಬೆರಳು ನೋಯುತ್ತಿತ್ತು. ಪುಷ್ಪಾವತಿ ಬೇಡ ಎಂದರು, ಎದ್ದು ಬಂದರು, ಆದರೆ ಕೈ ಹಿಡಿದು ತಡೆಯಲಿಲ್ಲ. ಮೇಲೆಯೇ ಇತ್ತು ಅವಳ ಕಾರ್ಡು. ಅವಳು ಕೈ ನಿಲ್ಲಿಸಲಿಲ್ಲ. ಒಂದೊಂದೇ ಕಾರ್ಡು ತೆಗೆದು, ಹೆಸರು ಓದಿ, ಪಕ್ಕಕ್ಕಿಟ್ಟಳು. ಬಹಳ ಕೆಳಗೆ ಹಳದಿ ತಿರುಗಿದ ಒಂದು ಕಾರ್ಡು ಸಿಕ್ಕಿತು. ಜಯಕುಮಾರ್. ಜಾಲಿಪಾಳ್ಯ. ಕಾರ್ಡಿನ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಇತ್ತು.

"ಓದಿ ಸಿಸ್ಟ್ರಮ್ಮ."

ಪುಷ್ಪಾವತಿ ಕಾರ್ಡು ಇಸಿದುಕೊಂಡರು. ಕನ್ನಡಕ ಹಾಕಿಕೊಂಡರು. ತಮ್ಮಷ್ಟಕ್ಕೆ ಓದಿಕೊಂಡರು.

"ಜೋರಾಗಿ ಓದಿ."

"ತಾನೇ ನಡೆದು ಬಂದಿದ್ದಾನೆ. ಮಾತು ಸರಿ ಇದೆ, ಬಟ್ಟೆ ಶುಭ್ರವಾಗಿದೆ. ಚೆನ್ನಾಗಿದ್ದಾನೆ. ಜಾಸ್ತಿಯಾದರೆ ಬರಲು ಹೇಳಿದೆ."

ಏಟು ಬಿತ್ತು. ಈ ಸಲ ಲಕ್ಷ್ಮೀದೇವಿ ಬಲಗಡೆ ತಿರುಗಿ ನೋಡಿದಳು. ಗೋಡೆ ಇತ್ತು, ತೂಕದ ಮೆಷೀನು ಇತ್ತು. ಅವಳು ಎರಡೂ ಕಾರ್ಡು ತೆಗೆದುಕೊಂಡು ಹೋಗಿ, ಡಾಕ್ಟರ ಕೋಣೆಯ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಮೊಣಕಾಲ ಮೇಲೆ ಪಕ್ಕಪಕ್ಕ ಇಟ್ಟುಕೊಂಡಳು.

"ಅವ್ನೂ ನಡ್ಕಂಡೇ ಬಂದಿದ್ದ" ಎಂದಳು. "ಚೆನ್ನಾಗಿದೀಯ ಅಂದ್ರಿ, ಎದ್ದೋದ. ನಾನೂ ನಡ್ಕಂಡೇ ಬಂದಿವ್ನಿ. ನಾನ್ ಏಳಲ್ಲ. ನಿಮ್ಮ್ ಡಾಕ್ಟ್ರುಗೆ ಫೋನ್ ಮಾಡಿ."

ಪುಷ್ಪಾವತಿ ನೆಲದ ಮೇಲೆ ಬಿಚ್ಚಿಬಿದ್ದ ಹಗ್ಗವನ್ನೂ ಹರಡಿದ ಕಾರ್ಡುಗಳನ್ನೂ ನೋಡಿದರು. ಫೋನು ಕೈಗೆತ್ತಿಕೊಂಡರು.